ಕನೆಕ್ಟ್‌ಎಕ್ಸ್-4 ಎಲ್‌ಎಕ್ಸ್ ಕಾರ್ಡಿನಲ್ಲಿ ಆರ್‌ಡಿಎಂಎ ಸ್ಟೋರೇಜ್: ಕಾಸರಗೋಡಿನ ಒಂದು ಎಡಿಟಿಂಗ್ ಸ್ಟುಡಿಯೋದ ವಿಮರ್ಶೆ

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ನಿಮ್ಮದು ದೊಡ್ಡ ದೊಡ್ಡ ವಿಡಿಯೋ ಫೈಲುಗಳ ಕೆಲಸ, ಮಷೀನುಗಳಲ್ಲಿ ಲಿನಕ್ಸ್ ಇದೆ, ಸೆಕೆಂಡ್ ಹ್ಯಾಂಡ್ ಮಾರ್ಕೆಟಿನಲ್ಲಿ ಮೆಲಾನಾಕ್ಸ್ ಕನೆಕ್ಟ್‌ಎಕ್ಸ್-4 ಎಲ್‌ಎಕ್ಸ್ ನೆಟ್‌ವರ್ಕ್ ಕಾರ್ಡು ಸಿಕ್ಕಿತು ಅಂತಾದರೆ ಧೈರ್ಯವಾಗಿ ತಗೊಳ್ಳಿ. ಆದರೆ 25 ಗಿಗಾಬಿಟ್ ಅನ್ನುವ ಅಂಕಿ ಒಂದನ್ನೇ ನೋಡಿ ತಗೊಳ್ಳಬೇಡಿ. ಒಂದು ಸಣ್ಣ ತುಂಡು ಡೇಟಾ ಕೇಳಿದಾಗ ಎಷ್ಟು ಬೇಗ ಉತ್ತರ ಬರುತ್ತದೆ, ಈ ಕಾರ್ಡಿನ ಬೆಲೆ ಇರುವುದು ಅದರಲ್ಲಿ. ಆ ಉತ್ತರ ಬೇಗ ಬರಬೇಕಾದರೆ ಕೆಲವು ಕಡೆ ಕೈ ಹಾಕಬೇಕು, ಇನ್ನು ಕೆಲವು ಕಡೆ ಸುಮ್ನೆ ಬಿಡಬೇಕು. ಯಾವುದು ಎಲ್ಲಿ ಅನ್ನುವುದನ್ನು ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಇದರ ಬಗ್ಗೆ ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ.

ನಾನು ಸಿಸ್ಟಮ್ ಕೆಲಸ ನೋಡಿಕೊಳ್ಳುವ ಸ್ಟುಡಿಯೋ ಕಾಸರಗೋಡು ಪೇಟೆಯಿಂದ ಬದಿಯಡ್ಕ ಕಡೆಗೆ ಹೋಗುವ ದಾರಿಯಲ್ಲಿದೆ. ಮದುವೆ, ಬ್ರಹ್ಮಕಲಶ, ಕೋಲ, ಎಲ್ಲದಕ್ಕಿಂತ ಜಾಸ್ತಿ ಯಕ್ಷಗಾನ. ರಾತ್ರಿ ಇಡೀ ನಡೆಯುವ ಆಟವನ್ನು ನಾಲ್ಕು ಕ್ಯಾಮೆರಾದಲ್ಲಿ 4ಕೆ ರೆಕಾರ್ಡಿಂಗ್ ಮಾಡುತ್ತಾರೆ. ಒಂದು ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ ಬರೆದರೂ ಗಂಟೆಗೆ 45 ಗಿಗಾಬೈಟ್ ಆಯಿತು. ನಾಲ್ಕು ಕ್ಯಾಮೆರಾ, ಒಂಬತ್ತು ಗಂಟೆ ಅಂದರೆ 1620 ಗಿಗಾಬೈಟ್. ಇದು ಒಂದು ರಾತ್ರಿಯ ಲೆಕ್ಕ. ಕಾಲಮಿತಿ ಆಟ ಆದರೆ ಇದಕ್ಕಿಂತ ಕಡಿಮೆ.

ಈ ಫೈಲುಗಳು ಮೊದಲು ಕಟಿಂಗ್ ಮಷೀನಿಗೆ ಹೋಗಬೇಕು, ಆಮೇಲೆ ಬಣ್ಣ ಸರಿ ಮಾಡುವ ಮಷೀನಿಗೆ. ಸಾದಾ ಗಿಗಾಬಿಟ್ ನೆಟ್‌ವರ್ಕಿನಲ್ಲಿ ಇಡೀ ಆಟವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಾಪಿ ಮಾಡಲಿಕ್ಕೆ ಹತ್ತಿರ ಹತ್ತಿರ ನಾಲ್ಕು ಗಂಟೆ ಬೇಕು. ಅಲ್ಲೇ ಇಟ್ಟು ನೆಟ್‌ವರ್ಕಿನಿಂದಲೇ ಎಡಿಟ್ ಮಾಡೋಣ ಅಂದರೆ ಅದೂ ಕಷ್ಟ. 4ಕೆ 25 ಫ್ರೇಮಿನ ಪ್ರೋರೆಸ್ 422 ಎಚ್‌ಕ್ಯು (ಎಡಿಟಿಂಗಿಗೆಂದೇ ಇರುವ ದೊಡ್ಡ ಗಾತ್ರದ ವಿಡಿಯೋ ಫಾರ್ಮ್ಯಾಟ್) ಫೈಲು ಸೆಕೆಂಡಿಗೆ 737 ಮೆಗಾಬಿಟ್ ಕೇಳುತ್ತದೆ. ಗಿಗಾಬಿಟ್ ತಂತಿಯಲ್ಲಿ ಅಂಥ ಒಂದೇ ಕ್ಯಾಮೆರಾ ಓಡುತ್ತದೆ, ಎರಡನೆಯದಕ್ಕೆ ಜಾಗ ಇಲ್ಲ.

ನಾವು ಮಾಡಿಕೊಂಡ ವ್ಯವಸ್ಥೆ ಹೀಗಿದೆ. ಪಕ್ಕದ ಕೋಣೆಯಲ್ಲಿ ಒಂದು ಸರ್ವರ್, ಅದರಲ್ಲಿ ಎನ್‌ವಿಎಂಇ ಡಿಸ್ಕುಗಳು, ಅಂದರೆ ಅತಿ ವೇಗದ ಎಸ್‌ಎಸ್‌ಡಿಗಳು. ಒಂದೊಂದು ಪ್ರಸಂಗಕ್ಕೆ ಒಂದೊಂದು ಎಲ್‌ವಿಎಂ ವಾಲ್ಯೂಮ್, ಅಂದರೆ ಡಿಸ್ಕಿನಲ್ಲಿ ವಿಂಗಡಿಸಿ ಇಟ್ಟ ಒಂದು ಪಾಲು. ಆ ವಾಲ್ಯೂಮನ್ನು ನೆಟ್‌ವರ್ಕ್ ಮೂಲಕ ಎಡಿಟಿಂಗ್ ಮಷೀನಿಗೆ ಕೊಡುತ್ತೇವೆ. ಮಷೀನಿಗೆ ಅದು ತನ್ನದೇ ಡಿಸ್ಕಿನ ಹಾಗೆ ಕಾಣುತ್ತದೆ. ಕಟಿಂಗ್ ಮುಗಿದ ಮೇಲೆ ಅಲ್ಲಿ ಅನ್‌ಮೌಂಟ್ ಮಾಡಿ ಬಿಡಿಸಿ, ಇಲ್ಲಿ ಜೋಡಿಸಿದರೆ ಆಯಿತು. ಒಂದೂವರೆ ಟೆರಾಬೈಟ್ ಡೇಟಾ ಒಂದು ಮಷೀನಿನಿಂದ ಇನ್ನೊಂದಕ್ಕೆ ಹೋಯಿತು, ಒಂದು ಬೈಟ್ ಕೂಡ ಕಾಪಿ ಆಗಲಿಲ್ಲ. ಡಿಸ್ಕನ್ನು ನೇರ ಎಡಿಟಿಂಗ್ ಮಷೀನಿಗೇ ಹಾಕಬಹುದಲ್ವಾ ಅಂತ ಕೇಳುವವರಿಗೆ ನನ್ನ ಉತ್ತರ ಇದೇ.

ಇದರ ಹೆಸರು ಎನ್‌ವಿಎಂಇ ಓವರ್ ಫ್ಯಾಬ್ರಿಕ್ಸ್. 2016ರಲ್ಲಿ ಇದರ ಮೊದಲ ಆವೃತ್ತಿ ಬಂತು. ಅದೇ ವರ್ಷ ಲಿನಕ್ಸ್ 4.8 ಕರ್ನಲ್‌ನಲ್ಲಿ ಡಿಸ್ಕ್ ಕೊಡುವ ಕಡೆಯ ಕೋಡೂ ಪಡೆಯುವ ಕಡೆಯ ಕೋಡೂ ಸೇರಿತು. ಹಾಗಾಗಿ ಬೇರೆ ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೊಳ್ಳುವ ಪ್ರಶ್ನೆಯೇ ಇಲ್ಲ. ಕೆಳಗೆ ಓಡುವುದು ಆರ್‌ಡಿಎಂಎ. ಅಂದರೆ ನೆಟ್‌ವರ್ಕ್ ಕಾರ್ಡು ಎದುರಿನ ಮಷೀನಿನ ಮೆಮೊರಿಗೆ ನೇರ ಬರೆಯುತ್ತದೆ, ನೇರ ಓದುತ್ತದೆ. ಮಧ್ಯದಲ್ಲಿ ಪ್ರೊಸೆಸರ್ ಕೂತು ಪ್ಯಾಕೆಟ್ ಬಿಚ್ಚಿ, ಬಫರಿನಿಂದ ಬಫರಿಗೆ ಕಾಪಿ ಮಾಡುವ ಕೆಲಸ ಇಲ್ಲ. ನಮ್ಮೂರ ಮದುವೆ ಊಟದಲ್ಲಿ ಬಡಿಸುವವರು ನೇರ ಎಲೆಗೇ ತಂದು ಬಡಿಸುತ್ತಾರಲ್ಲ, ಹಾಗೆ. ಕೌಂಟರಿಗೆ ಹೋಗಿ ಸಾಲು ನಿಲ್ಲಬೇಕಾಗಿಲ್ಲ.

ಕಾರ್ಡಿನ ವಿಷಯಕ್ಕೆ ಬರುತ್ತೇನೆ. ಮೆಲಾನಾಕ್ಸ್ ಕಂಪನಿ 2020ರಿಂದ ಎನ್‌ವಿಡಿಯಾ ಕೈಯಲ್ಲಿದೆ. ನಮ್ಮದು ಎರಡು ಪೋರ್ಟಿನ ಕಾರ್ಡು, ಒಂದೊಂದೂ 25 ಗಿಗಾಬಿಟ್, ಪಿಸಿಐ ಎಕ್ಸ್‌ಪ್ರೆಸ್ 3.0, ಎಂಟು ಲೇನ್ (ಲೇನ್ ಅಂದರೆ ಮದರ್‌ಬೋರ್ಡಿಗೂ ಕಾರ್ಡಿಗೂ ನಡುವೆ ಡೇಟಾ ಹೋಗುವ ದಾರಿ). ದೊಡ್ಡ ಡೇಟಾ ಸೆಂಟರುಗಳು 100, 200 ಗಿಗಾಬಿಟ್‌ಗೆ ಹೋದ ಮೇಲೆ ಇಂಥವು ರಾಶಿ ರಾಶಿ ಹಳೆ ಮಾರ್ಕೆಟಿಗೆ ಬಂದಿವೆ, ಹಾಗಾಗಿ ಬೆಲೆ ಕೈಗೆಟಕುತ್ತದೆ. ಇದಕ್ಕಿಂತಲೂ ಅಗ್ಗಕ್ಕೆ ಕನೆಕ್ಟ್‌ಎಕ್ಸ್-3 ಸಿಗುತ್ತದೆ, ಅದರಲ್ಲಿ 40 ಗಿಗಾಬಿಟ್‌ನದ್ದೂ ಉಂಟು. ಅಂಕಿ ದೊಡ್ಡದು ಅಂತ ಆಸೆ ಆಗುವುದು ಸಹಜ. ನನ್ನ ಸಲಹೆ, ಅದಕ್ಕೆ ಹೋಗಬೇಡಿ. ಪ್ರೋ ಅಲ್ಲದ ಕನೆಕ್ಟ್‌ಎಕ್ಸ್-3ರಲ್ಲಿ ರಾಕಿ (RoCE, ಈಥರ್‌ನೆಟ್ ಮೇಲೆ ಆರ್‌ಡಿಎಂಎ ಓಡಿಸುವ) ಪ್ರೋಟೋಕಾಲಿನ ಮೊದಲ ಆವೃತ್ತಿ ಮಾತ್ರ ಇದೆ, ಅಂದರೆ ಯುಡಿಪಿ ಮೇಲೆ 4791ನೇ ಪೋರ್ಟಿನಲ್ಲಿ ಓಡುವ ಎರಡನೇ ಆವೃತ್ತಿ ಅದರಲ್ಲಿ ಬರುವುದಿಲ್ಲ. ಕಂಪನಿಯ ಹೊಸ ಡ್ರೈವರ್ ಕಂತೆಯಿಂದಲೂ ಆ ತಲೆಮಾರನ್ನು ಬಿಟ್ಟಿದ್ದಾರೆ. ಕನೆಕ್ಟ್‌ಎಕ್ಸ್-4ಕ್ಕೆ ಕರ್ನಲ್‌ನೊಳಗಿನ ಎಂಎಲ್‌ಎಕ್ಸ್5 ಡ್ರೈವರೇ ಸಾಕು. ನಾವು ಕಂಪನಿಯ ಕಂತೆ ಹಾಕಿಯೇ ಇಲ್ಲ.

ಇಲ್ಲಿಂದ ಮುಂದೆ ಟ್ಯೂನಿಂಗ್. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಉದ್ದುದ್ದ ಪಟ್ಟಿಗಳು ಸಿಗುತ್ತವೆ. ಟಿಸಿಪಿ (ಸಾದಾ ನೆಟ್‌ವರ್ಕ್ ಸಂಪರ್ಕದ ಪ್ರೋಟೋಕಾಲ್) ಬಫರ್ ಹೆಚ್ಚಿಸಿ, ಆ ವಿಂಡೋ ದೊಡ್ಡದು ಮಾಡಿ, ಈ ಕಂಜೆಷನ್ ಕಂಟ್ರೋಲ್ ಬದಲಿಸಿ ಅಂತ. ಅವುಗಳಲ್ಲಿ ಮುಕ್ಕಾಲು ಪಾಲಿಗೆ ಇಲ್ಲಿ ಕೆಲಸವೇ ಇಲ್ಲ. ಆರ್‌ಡಿಎಂಎ ಹೋಗುವ ದಾರಿಯಲ್ಲಿ ಕರ್ನಲ್‌ನ ಟಿಸಿಪಿ ಇಲ್ಲವೇ ಇಲ್ಲ, ಮತ್ತೆ ಅದರ ಬಫರ್ ದೊಡ್ಡದು ಮಾಡಿ ಏನು ಪ್ರಯೋಜನ? ಇಲ್ಲಿ ಕ್ರಮ ಬೇರೆ. ಮೊದಲು ತಂತಿಯನ್ನು ಮಾತ್ರ ಅಳೆಯಿರಿ, ಆಮೇಲೆ ಡಿಸ್ಕನ್ನು ಸರ್ವರ್ ಒಳಗೇ ಅಳೆಯಿರಿ, ಕೊನೆಗೆ ಎರಡನ್ನೂ ಸೇರಿಸಿ. ಮೂರನ್ನೂ ಒಟ್ಟಿಗೆ ಕಲಸಿ ಅಳೆದರೆ ತಡ ಎಲ್ಲಿ ಆಗುತ್ತಿದೆ ಅಂತ ಎಂದಿಗೂ ಗೊತ್ತಾಗುವುದಿಲ್ಲ.

ತಂತಿ ಅಳೆಯಲಿಕ್ಕೆ ಪರ್ಫ್‌ಟೆಸ್ಟ್ ಅನ್ನುವ ಪ್ಯಾಕೇಜ್ ಇದೆ. ಅದರಲ್ಲಿ ಬ್ಯಾಂಡ್‌ವಿಡ್ತ್ ನೋಡುವುದು ಬೇರೆ, ಲೇಟೆನ್ಸಿ, ಅಂದರೆ ಉತ್ತರ ಬರುವ ತಡ, ನೋಡುವುದು ಬೇರೆ. ಡಿಸ್ಕಿನ ಹಂಗಿಲ್ಲದೆ ಮೆಮೊರಿಯಿಂದ ಮೆಮೊರಿಗೆ ಅಳೆಯುತ್ತದೆ. ಎರಡು ಮಷೀನಿನ ನಡುವೆ ನೇರ ಕೇಬಲ್ ಇದ್ದರೆ ಸಣ್ಣ ಸಂದೇಶಕ್ಕೆ ಕೆಲವೇ ಮೈಕ್ರೋಸೆಕೆಂಡು ಬರಬೇಕು. ಹತ್ತು ದಾಟಿದರೆ ಎಲ್ಲೋ ಏನೋ ಸರಿ ಇಲ್ಲ. ಈ ಹಂತ ದಾಟದೆ ಡಿಸ್ಕಿನ ಹತ್ತಿರ ಹೋಗಲೇಬೇಡಿ.

ಸರಿ ಇಲ್ಲದಾಗ ಮೊದಲು ಸ್ಲಾಟ್ ನೋಡಿ. ಸಾದಾ ಡೆಸ್ಕ್‌ಟಾಪ್ ಬೋರ್ಡುಗಳಲ್ಲಿ ಗ್ರಾಫಿಕ್ಸ್ ಕಾರ್ಡು ಮೊದಲ ಸ್ಲಾಟ್ ಹಿಡಿದಿರುತ್ತದೆ. ಎರಡನೇ ಉದ್ದ ಸ್ಲಾಟ್ ನೋಡಲಿಕ್ಕೆ ಉದ್ದ, ಒಳಗೆ ಹೆಚ್ಚಾಗಿ ನಾಲ್ಕೇ ಲೇನ್, ಅದೂ ಚಿಪ್‌ಸೆಟ್ ಮೂಲಕ. ಮೂರನೇ ತಲೆಮಾರಿನ ನಾಲ್ಕು ಲೇನಿಗೆ ಸೆಕೆಂಡಿಗೆ 3.9 ಗಿಗಾಬೈಟ್, ಒಂದು ಪೋರ್ಟಿಗೆ ಸಾಕು. ಸ್ಲಾಟು ಎರಡನೇ ತಲೆಮಾರಿನದ್ದಾದರೆ ಅದರ ಅರ್ಧ, ಆಗ 25 ಗಿಗಾಬಿಟ್ ಎಲ್ಲಿಂದ ಬರಬೇಕು? ಎಲ್‌ಎಸ್‌ಪಿಸಿಐ ಕಮಾಂಡಿನಲ್ಲಿ ವಿವರ ಕೇಳಿದರೆ ಲಿಂಕ್ ಸ್ಟೇಟಸ್ ಸಾಲಿನಲ್ಲಿ ಎಷ್ಟು ಲೇನ್, ಯಾವ ವೇಗ, ಡೌನ್‌ಗ್ರೇಡ್ ಆಗಿದೆಯಾ ಅಂತ ಸ್ಪಷ್ಟವಾಗಿ ಬರುತ್ತದೆ. ಸರ್ವರ್ ಕಡೆ ಎರಡೂ ಪೋರ್ಟ್ ಓಡಬೇಕಾದ್ದರಿಂದ ಅಲ್ಲಿ ಎಂಟು ಲೇನ್ ಬೇಕೇ ಬೇಕು.

ಎರಡನೆಯದು ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನಲ್ಲಿ ಹೋಗಬಹುದಾದ ಡೇಟಾದ ಮಿತಿ. ಇಲ್ಲಿ ಒಂದು ಸೂಕ್ಷ್ಮ ಉಂಟು. ಈಥರ್‌ನೆಟ್ ಎಂಟಿಯು 1500 ಇದ್ದರೆ ಆರ್‌ಡಿಎಂಎ ತನ್ನ ಎಂಟಿಯುವನ್ನು 1024ಕ್ಕೆ ಇಳಿಸಿಕೊಳ್ಳುತ್ತದೆ, ಯಾಕೆಂದರೆ ಅದರಲ್ಲಿ 256, 512, 1024, 2048, 4096 ಈ ಅಳತೆಗಳು ಮಾತ್ರ ಇರುವುದು. ಪ್ರತಿ ಪ್ಯಾಕೆಟ್ಟಿಗೂ ಹೆಡರು, ನಡುವಿನ ಖಾಲಿ ಜಾಗ ಎಲ್ಲ ಸೇರಿ 80 ಬೈಟಿಗಿಂತ ಸ್ವಲ್ಪ ಜಾಸ್ತಿ ಖರ್ಚು ಇದೆ. 1024 ಬೈಟಿನ ತುಂಡಿಗೆ ಅಷ್ಟು ಖರ್ಚು ಅಂದರೆ ಹತ್ತಿರ ಎಂಟು ಶೇಕಡ ಹೋಯಿತು. 4096 ಆದರೆ ಎರಡು ಶೇಕಡ. ಸೆಕೆಂಡಿಗೆ 2.9 ಗಿಗಾಬೈಟ್ ಸಿಗುವಲ್ಲಿ 3 ದಾಟಬಹುದು. ಎರಡೂ ಕಡೆ ಈಥರ್‌ನೆಟ್ ಎಂಟಿಯು 9000 ಅಂತ ಇಟ್ಟು, ಆಮೇಲೆ ಐಬಿವಿ ಡೆವ್‌ಇನ್ಫೋ (ibv_devinfo) ಕಮಾಂಡ್ ಹೊಡೆದು ಆಕ್ಟಿವ್ ಎಂಟಿಯು 4096 ಅಂತ ತೋರಿಸುತ್ತದಾ ನೋಡಿ.

ಮೂರನೆಯದೇ ನನಗೆ ಎಲ್ಲದಕ್ಕಿಂತ ಮುಖ್ಯ ಅನ್ನಿಸಿದ್ದು. ಪ್ರೊಸೆಸರಿನ ನಿದ್ದೆ. ಕೆಲಸ ಇಲ್ಲದಾಗ ಪ್ರೊಸೆಸರಿನ ಕೋರ್‌ಗಳು ಕರೆಂಟ್ ಉಳಿಸಲಿಕ್ಕೆ ನಿದ್ದೆಗೆ ಜಾರುತ್ತವೆ, ಅದಕ್ಕೆ ಸಿ-ಸ್ಟೇಟ್ ಅನ್ನುತ್ತಾರೆ. ಆಳದ ನಿದ್ದೆಯಿಂದ ಏಳಲಿಕ್ಕೆ ಹತ್ತಾರು ಮೈಕ್ರೋಸೆಕೆಂಡು ಬೇಕು, ಕೆಲವದರಲ್ಲಿ ನೂರೂ ದಾಟುತ್ತದೆ. ಈಗ ಯೋಚಿಸಿ. ಒಳ್ಳೆಯ ಎನ್‌ವಿಎಂಇ ಡಿಸ್ಕಿನಿಂದ 4 ಕಿಲೋಬೈಟ್ ಓದಲಿಕ್ಕೆ ಸುಮಾರು 80ರಿಂದ 100 ಮೈಕ್ರೋಸೆಕೆಂಡು. ಎನ್‌ವಿಎಂಇ ಓವರ್ ಫ್ಯಾಬ್ರಿಕ್ಸ್ ಮಾಡಿದವರು ನೆಟ್‌ವರ್ಕಿನಿಂದ ಆಗುವ ಹೆಚ್ಚಿನ ತಡ 10 ಮೈಕ್ರೋಸೆಕೆಂಡು ದಾಟಬಾರದು ಅಂತ ಗುರಿ ಇಟ್ಟುಕೊಂಡಿದ್ದರು. ಅಷ್ಟು ಕಷ್ಟಪಟ್ಟು ಉಳಿಸಿದ ಸಮಯವನ್ನು ಒಂದು ಕೋರ್ ಎದ್ದು ಕಣ್ಣುಜ್ಜುವಷ್ಟರಲ್ಲಿ ಕಳೆದುಕೊಂಡರೆ ಆರ್‌ಡಿಎಂಎ ಹಾಕಿ ಏನು ಬಂತು? ಟ್ಯೂನ್ಡ್ ಅನ್ನುವ ಸರ್ವೀಸಿನಲ್ಲಿ ಲೇಟೆನ್ಸಿ ಪರ್ಫಾರ್ಮೆನ್ಸ್ ಅಂತ ಒಂದು ಪ್ರೊಫೈಲ್ ಇದೆ, ಅದನ್ನು ಎರಡೂ ಕಡೆ ಹಾಕಿದರೆ ಸಣ್ಣ ಓದುಗಳ ತಡ ಎದ್ದು ಕಾಣುವಷ್ಟು ಇಳಿಯುತ್ತದೆ. ಕರೆಂಟ್ ಬಿಲ್ ಸ್ವಲ್ಪ ಏರುತ್ತದೆ, ಅದು ನಿಜ. ಹಾಗಾಗಿ ನಾವು ಕೆಲಸದ ಹೊತ್ತಿನಲ್ಲಿ ಮಾತ್ರ ಈ ಪ್ರೊಫೈಲ್ ಇಟ್ಟು, ರಾತ್ರಿ ಬ್ಯಾಕಪ್ ಹೊತ್ತಿಗೆ ಸಾದಾ ಪ್ರೊಫೈಲಿಗೆ ಬದಲಿಸುವಂತೆ ಟೈಮರ್ ಹಾಕಿದ್ದೇವೆ.

ಇನ್ನು ಡಿಸ್ಕನ್ನು ಸೇರಿಸಿ ಅಳೆಯುವ ಹಂತ. ಅದಕ್ಕೆ ಎಫ್‌ಐಒ ಅನ್ನುವ, ಡಿಸ್ಕಿನ ವೇಗ ಅಳೆಯುವ ಟೂಲ್ ಇದೆ. ಅದರಲ್ಲಿ ಕ್ಯೂ ಡೆಪ್ತ್, ಅಂದರೆ ಒಟ್ಟಿಗೆ ಎಷ್ಟು ಓದು ಕೇಳುತ್ತೇವೆ ಅನ್ನುವ ಒಂದು ಅಂಕಿಯನ್ನು ಅರ್ಥ ಮಾಡಿಕೊಂಡರೆ ಅರ್ಧ ಗೊಂದಲ ಹೋಗುತ್ತದೆ. ಒಂದು ಓದಿಗೆ 100 ಮೈಕ್ರೋಸೆಕೆಂಡು ಅಂತ ಇಟ್ಟುಕೊಳ್ಳಿ. ಒಂದು ಮುಗಿದ ಮೇಲೆ ಇನ್ನೊಂದು ಅಂತ ಕೇಳಿದರೆ ಸೆಕೆಂಡಿಗೆ 10,000 ಓದು. ತಲಾ 4 ಕಿಲೋಬೈಟ್ ಅಂದರೆ ಬರೀ 40 ಮೆಗಾಬೈಟ್. ತಂತಿ 25 ಗಿಗಾಬಿಟ್ ಇರಲಿ, 100 ಇರಲಿ, ಇದು ಬದಲಾಗುವುದಿಲ್ಲ. ಅದೇ 32 ಓದುಗಳನ್ನು ಒಟ್ಟಿಗೆ ಕೇಳಿದರೆ, ಡಿಸ್ಕು ತಾಳಿಕೊಂಡರೆ, 1.3 ಗಿಗಾಬೈಟ್ ವರೆಗೆ ಹೋಗಬಹುದು. ಮಾರುವವರು ತೋರಿಸುವುದು ಯಾವಾಗಲೂ ಎರಡನೇ ಅಂಕಿ. ಎಡಿಟಿಂಗ್ ಮಾಡುವವರ ಕೈಗೆ ಸಿಗುವುದು ಬಹಳ ಸಲ ಮೊದಲನೆಯದು. ಪ್ರಾಜೆಕ್ಟ್ ತೆರೆಯುವಾಗ ಸಾವಿರಾರು ಸಣ್ಣ ಫೈಲುಗಳು, ತಂಬ್‌ನೈಲು, ಆಡಿಯೋ ವೇವ್‌ಫಾರ್ಮ್, ಇವೆಲ್ಲ ಒಂದರ ಹಿಂದೆ ಒಂದು ಬರುತ್ತವೆ. ಆರ್‌ಡಿಎಂಎ ದುಡಿಯುವುದು ಇಲ್ಲಿ.

ಇದು ಕಣ್ಣಾರೆ ಕಾಣುತ್ತದೆ. ನಮ್ಮ ಎಡಿಟರ್ ಹುಡುಗ ಪಾತ್ರ ಪ್ರವೇಶದ ಜಾಗ ಹುಡುಕುವುದು ಚೆಂಡೆಯ ವೇವ್‌ಫಾರ್ಮ್ ನೋಡಿ. ಚೆಂಡೆ ಬಿದ್ದಲ್ಲಿ ಗೆರೆ ಗೋಪುರದ ಹಾಗೆ ಏಳುತ್ತದೆ. ಟೈಮ್‌ಲೈನ್ ಎಳೆದು ಎಳೆದು ಅಲ್ಲಿಗೆ ಹೋಗಿ, ನಾಲ್ಕು ಕ್ಯಾಮೆರಾದ ಚಿತ್ರವೂ ಒಟ್ಟಿಗೆ ಬಂದು, ಭಾಗವತರು ಪದ್ಯ ಎತ್ತಿದ ಕ್ಷಣಕ್ಕೆ ಸರಿಯಾಗಿ ಕಟ್ ಮಾಡಬೇಕು. ಮೊದಲಿನ ಗಿಗಾಬಿಟ್ ವ್ಯವಸ್ಥೆಯಲ್ಲಿ ಎಳೆದು ಬಿಟ್ಟ ಮೇಲೆ ಚಿತ್ರ ಬರುವ ತನಕ ಕಾಯಬೇಕಿತ್ತು. ಈಗ ಕೈ ಎಲ್ಲಿ ನಿಂತಿತೋ ಚಿತ್ರ ಅಲ್ಲೇ ನಿಲ್ಲುತ್ತದೆ. "ಅಣ್ಣ, ಇದು ಒಳಗಿನ ಡಿಸ್ಕಾ ಹೊರಗಿನದ್ದಾ?" ಅಂತ ಅವನು ಕೇಳಿದ. ಈ ಕಾರ್ಡಿಗೆ ಇದಕ್ಕಿಂತ ಒಳ್ಳೆಯ ಸರ್ಟಿಫಿಕೇಟ್ ನಾನು ಕೊಡಲಾರೆ.

ಬರೆಯುವ ಕಡೆ ಇನ್ನೊಂದು ವಿಷಯ ಇದೆ. ಎಡಿಟಿಂಗ್ ಮಷೀನು ಓದು ಕೇಳಿದಾಗ ಸರ್ವರು ಡೇಟಾವನ್ನು ನೇರ ಇದರ ಮೆಮೊರಿಗೆ ಬರೆದು, ಮುಗಿಯಿತು ಅಂತ ಹೇಳುತ್ತದೆ. ಆದರೆ ಮಷೀನು ಬರೆಯಬೇಕು ಅಂದಾಗ ಮೊದಲು ಕಮಾಂಡ್ ಮಾತ್ರ ಹೋಗುತ್ತದೆ, ಆಮೇಲೆ ಸರ್ವರ್ ಬಂದು ಇದರ ಮೆಮೊರಿಯಿಂದ ಡೇಟಾ ಓದಿಕೊಂಡು ಹೋಗುತ್ತದೆ. ಅಂದರೆ ಒಂದು ಸುತ್ತು ಹೆಚ್ಚು. ಸಣ್ಣ ಬರಹಗಳಿಗೆ ಈ ಸುತ್ತು ಬೇಡ ಅಂತ ಡೇಟಾವನ್ನು ಕಮಾಂಡಿನ ಜೊತೆಗೇ ಕಳಿಸುವ ದಾರಿ ಇದೆ, ಇನ್‌ಲೈನ್ ಡೇಟಾ ಅಂತ. ಲಿನಕ್ಸಿನಲ್ಲಿ ಇದು ಸಾಮಾನ್ಯವಾಗಿ 4 ಕಿಲೋಬೈಟ್ ವರೆಗೆ ಇರುತ್ತದೆ. ಸರ್ವರಿನ ಪೋರ್ಟ್ ಸೆಟ್ಟಿಂಗಿನಲ್ಲಿ ಇನ್‌ಲೈನ್ ಡೇಟಾ ಸೈಜನ್ನು 16 ಕಿಲೋಬೈಟಿಗೆ ಏರಿಸಿದರೆ 8, 16 ಕಿಲೋಬೈಟಿನ ಬರಹಗಳೂ ಒಂದೇ ಸುತ್ತಿನಲ್ಲಿ ಹೋಗುತ್ತವೆ. ಪೋರ್ಟಿಗೆ ಸಬ್‌ಸಿಸ್ಟಮ್ (ಹೊರಗೆ ಕೊಡುವ ಡಿಸ್ಕುಗಳ ಗುಂಪು) ಜೋಡಿಸುವ ಮೊದಲೇ ಇದನ್ನು ಬದಲಿಸಬೇಕು. ಡೇಟಾಬೇಸ್ ಇಟ್ಟವರಿಗೆ ಇದು ತುಂಬಾ ಉಪಯೋಗ. ವಿಡಿಯೋ ಫೈಲು ಮೆಗಾಬೈಟ್ ಲೆಕ್ಕದಲ್ಲಿ ಬರೆಯುವುದರಿಂದ ನಮ್ಮಲ್ಲಿ ಪ್ರಾಜೆಕ್ಟ್ ಸೇವ್ ಮಾಡುವಾಗ, ಕ್ಯಾಶ್ ಬರೆಯುವಾಗ ಮಾತ್ರ ಲಾಭ.

ಎಫ್‌ಐಒದಲ್ಲಿ ಕಾಣದೆ ನಿಜವಾದ ಕೆಲಸದಲ್ಲಿ ಮಾತ್ರ ಕಾಣುವುದು ರೀಡ್ ಅಹೆಡ್. ಎಫ್‌ಐಒವನ್ನು ಎಲ್ಲರೂ ಡೈರೆಕ್ಟ್ ಮೋಡಿನಲ್ಲಿ ಓಡಿಸುತ್ತಾರೆ, ಪೇಜ್ ಕ್ಯಾಶ್ (ಡಿಸ್ಕಿನಿಂದ ಓದಿದ್ದನ್ನು ಲಿನಕ್ಸು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಮಧ್ಯೆ ಬರಬಾರದು ಅಂತ. ಆದರೆ ಫೈಲ್ ಕಾಪಿ ಮಾಡುವಾಗ, ಸಾದಾ ಪ್ಲೇಯರಿನಲ್ಲಿ ನೋಡುವಾಗ ಎಲ್ಲ ಪೇಜ್ ಕ್ಯಾಶ್ ಮೂಲಕವೇ ಹೋಗುವುದು. ಅಲ್ಲಿ ಲಿನಕ್ಸು ಮುಂದಿನ 128 ಕಿಲೋಬೈಟ್ ಮಾತ್ರ ಮೊದಲೇ ಓದಿಟ್ಟುಕೊಳ್ಳುತ್ತದೆ. ದೊಡ್ಡ ವಿಡಿಯೋ ಫೈಲಿಗೆ ಇದು ಏನೇನೂ ಸಾಲದು. ಆ ಡಿಸ್ಕಿನ ಕ್ಯೂ ಫೋಲ್ಡರಿನಲ್ಲಿ ರೀಡ್ ಅಹೆಡ್ ಅಂಕಿಯನ್ನು 4096 ಕಿಲೋಬೈಟಿಗೆ ಏರಿಸಿ ನೋಡಿ. ಒಂದೇ ಫೈಲು ಕಾಪಿ ಮಾಡುವ ವೇಗದಲ್ಲಿ ನಮಗೆ ಸಿಕ್ಕಿದ ಅತಿ ದೊಡ್ಡ ಏರಿಕೆ ಈ ಒಂದು ಸಾಲಿನಿಂದ.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಕ್ಯೂಗಳ ಸಂಖ್ಯೆ ಪ್ರೊಸೆಸರಿನ ಕೋರ್‌ಗಳಷ್ಟೇ ತಾನಾಗಿ ಬರುತ್ತದೆ, ಒಂದೊಂದು ಕ್ಯೂ ಉದ್ದ 128, ಅದನ್ನು ಮುಟ್ಟಬೇಡಿ. ಐಒ ಶೆಡ್ಯೂಲರ್ (ಡಿಸ್ಕಿಗೆ ಹೋಗುವ ಕೋರಿಕೆಗಳ ಸರದಿ ನೋಡುವುದು) none ಅಂತ ಇರಲಿ. ಪೋಲಿಂಗ್ ಕ್ಯೂ ಅಂತ ಒಂದಿದೆ, ಇಂಟರಪ್ಟಿಗೆ ಕಾಯದೆ ಪ್ರೊಸೆಸರ್ ಸತತ ನೋಡುತ್ತಾ ಕೂರುವುದು. ಅದರಿಂದ ಇನ್ನೂ ಕೆಲವು ಮೈಕ್ರೋಸೆಕೆಂಡು ಉಳಿಯಬಹುದು, ಆದರೆ ಎಡಿಟಿಂಗ್ ಮಷೀನಿನಲ್ಲಿ ಕೋರ್‌ಗಳಿಗೆ ಬೇರೆ ಕೆಲಸ ಬೇಕಾದಷ್ಟು ಉಂಟು. ಎರಡು ಸಾಕೆಟಿನ ಸರ್ವರ್ ಇದ್ದವರು ಕಾರ್ಡು ಮತ್ತು ಡಿಸ್ಕು ಒಂದೇ ಪ್ರೊಸೆಸರಿನ ಕಡೆ ಇದೆಯಾ ನೋಡಿಕೊಳ್ಳಿ. ನಮ್ಮದು ಒಂದೇ ಸಾಕೆಟ್.

ಸ್ವಿಚ್ಚಿನ ಬಗ್ಗೆ ನನಗೆ ಸಿಟ್ಟಿದೆ, ಅದನ್ನೂ ಹೇಳಬೇಕು. ಈ ರಾಕಿ ಅನ್ನುವುದು ಪ್ಯಾಕೆಟ್ ಕಳೆದುಹೋಗುವುದಿಲ್ಲ ಅನ್ನುವ ನಂಬಿಕೆಯ ಮೇಲೆ ನಿಂತ ವ್ಯವಸ್ಥೆ. ಒಂದು ಪ್ಯಾಕೆಟ್ ಬಿದ್ದರೆ ಅಲ್ಲಿಂದ ಮುಂದಿನದ್ದನ್ನೆಲ್ಲ ಮತ್ತೆ ಕಳಿಸುವ ಪದ್ಧತಿ ಇದರದ್ದು, ಹಾಗಾಗಿ ಸ್ವಲ್ಪವೇ ಪ್ಯಾಕೆಟ್ ಬಿದ್ದರೂ ವೇಗ ಪಾತಾಳಕ್ಕೆ ಇಳಿಯುತ್ತದೆ. ಅದಕ್ಕೇ ಸ್ವಿಚ್ಚಿನಲ್ಲಿ ಕಳಿಸುವವರನ್ನು ಸ್ವಲ್ಪ ಹೊತ್ತು ತಡೆದು ನಿಲ್ಲಿಸುವ ಪ್ರಯಾರಿಟಿ ಫ್ಲೋ ಕಂಟ್ರೋಲ್ ಬೇಕು, ಬಫರ್ ತುಂಬುವ ಮೊದಲೇ ಎಚ್ಚರಿಸುವ ಇಸಿಎನ್ ಬೇಕು. ನಾವು ಪ್ರಯೋಗಕ್ಕೆ ತಂದ ಒಂದು ಅಗ್ಗದ ಸ್ವಿಚ್ಚಿನ ಕಾಗದದಲ್ಲಿ ಫ್ಲೋ ಕಂಟ್ರೋಲ್ ಅಂತ ದೊಡ್ಡದಾಗಿ ಬರೆದಿತ್ತು. ಒಂದು ಮಷೀನು ಓಡುವಾಗ ಏನೂ ತೊಂದರೆ ಇಲ್ಲ. ಎರಡೂ ಮಷೀನು ಒಟ್ಟಿಗೆ ಸರ್ವರಿಗೆ ಬರೆಯಲಿಕ್ಕೆ ಶುರು ಮಾಡಿದರೆ ವೇಗ ಏರುತ್ತದೆ, ಬೀಳುತ್ತದೆ, ಮತ್ತೆ ಏರುತ್ತದೆ. ಕಾರ್ಡಿನ ಹಾರ್ಡ್‌ವೇರ್ ಕೌಂಟರಿನಲ್ಲಿ ಔಟ್ ಆಫ್ ಸೀಕ್ವೆನ್ಸ್, ಪ್ಯಾಕೆಟ್ ಸೀಕ್ವೆನ್ಸ್ ಎರರ್ ಅನ್ನುವ ಎರಡು ಅಂಕಿಗಳು ನೋಡ ನೋಡುತ್ತಾ ಏರುತ್ತಿದ್ದವು. ಇವು ಸೊನ್ನೆಯಲ್ಲೇ ಇರಬೇಕು. ಮಾರಿದವರಿಗೆ ಫೋನ್ ಮಾಡಿದರೆ ನಿಮ್ಮ ಕೇಬಲ್ ಸರಿ ಇಲ್ಲ ಅನ್ನುವ ಉತ್ತರ. ಅದೇ ಕೇಬಲ್ ನೇರ ಹಾಕಿದರೆ ಕೌಂಟರ್ ಅಲುಗುವುದಿಲ್ಲ ಮಾರಾಯ್ರೆ! ಸ್ವಿಚ್ ವಾಪಸ್ ಕಳಿಸಿದೆವು.

ಈಗ ಸ್ವಿಚ್ಚೇ ಇಲ್ಲ. ಸರ್ವರಿನ ಕಾರ್ಡಿನಲ್ಲಿ ಎರಡು ಪೋರ್ಟ್, ಒಂದೊಂದು ಪೋರ್ಟಿನಿಂದ ಒಂದೊಂದು ಮಷೀನಿಗೆ ನೇರ. ಎರಡೇ ಮಷೀನು ಇರುವವರಿಗೆ ಇದಕ್ಕಿಂತ ನೆಮ್ಮದಿಯ ದಾರಿ ಇಲ್ಲ. ಸಂಪರ್ಕಕ್ಕೆ ತಾಮ್ರದ ಡಿಎಸಿ ಕೇಬಲ್ ಅಗ್ಗ, ಮೂರು ಮೀಟರ್ ಒಳಗೆ ಚೆನ್ನಾಗಿ ಓಡುತ್ತದೆ. ನಾವು ಮಾತ್ರ ಆಪ್ಟಿಕಲ್ ಫೈಬರ್ ಹಾಕಿದ್ದೇವೆ, ಅದಕ್ಕೆ ಕಾರಣ ನಮ್ಮೂರ ಗುಡುಗು. ಅಕ್ಟೋಬರ್, ನವೆಂಬರಿನ ಸಂಜೆಯ ಮಳೆಯಲ್ಲಿ ಈ ಕಡೆ ಸಿಡಿಲು ಹೇಗೆ ಹೊಡೆಯುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಒಂದು ಕೋಣೆಯ ಮಷೀನಿಗೆ ಬಂದ ಹೊಡೆತ ಆ ದಾರಿಯಲ್ಲಿ ಇನ್ನೊಂದು ಕೋಣೆಗೆ ದಾಟುವುದಿಲ್ಲ.

ಕರೆಂಟ್ ಹೋಗುವುದೂ ಇಲ್ಲಿ ಹೊಸತಲ್ಲ. ಸರ್ವರಿಗೆ ಯುಪಿಎಸ್ ಇಲ್ಲದೆ ಇದನ್ನು ಮಾಡಲೇಬೇಡಿ, ಸಾಧ್ಯವಾದರೆ ಪವರ್ ಲಾಸ್ ಪ್ರೊಟೆಕ್ಷನ್ ಇರುವ ಡಿಸ್ಕೇ ಹಾಕಿ. ಸಾದಾ ಡಿಸ್ಕಿನ ಕ್ಯಾಶಿನಲ್ಲಿದ್ದ ಡೇಟಾ ಕರೆಂಟ್ ಹೋದರೆ ಹೋಯಿತು. ಸರ್ವರನ್ನೇ ರೀಸ್ಟಾರ್ಟ್ ಮಾಡಬೇಕಾಗಿ ಬಂದರೆ ಹೆದರಬೇಕಾಗಿಲ್ಲ. ಎಡಿಟಿಂಗ್ ಮಷೀನು ಸಂಪರ್ಕ ತಪ್ಪಿದ್ದನ್ನು ಕೆಲವೇ ಸೆಕೆಂಡಿನಲ್ಲಿ ತಿಳಿದುಕೊಂಡು, ಹತ್ತು ಸೆಕೆಂಡಿಗೊಮ್ಮೆ ಮತ್ತೆ ಜೋಡಿಸಲಿಕ್ಕೆ ಪ್ರಯತ್ನಿಸುತ್ತಾ ಇರುತ್ತದೆ, 600 ಸೆಕೆಂಡ್ ವರೆಗೆ ಬಿಡುವುದಿಲ್ಲ. ಅಷ್ಟರೊಳಗೆ ಸರ್ವರ್ ಎದ್ದು ಬಂದರೆ ನಿಂತ ಕೆಲಸ ನಿಂತಲ್ಲಿಂದ ಮುಂದುವರಿಯುತ್ತದೆ. ಇದನ್ನು ಬೇಕೆಂದೇ ಪರೀಕ್ಷಿಸಿದೆವು. ಪ್ಲೇ ಆಗುತ್ತಿದ್ದ ಟೈಮ್‌ಲೈನ್ ಗಕ್ಕನೆ ನಿಂತಿತು, ಸರ್ವರ್ ಬಂದ ಮೇಲೆ ವೇಷ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಹೆಜ್ಜೆ ಹಾಕಿತು. ಸಾಫ್ಟ್‌ವೇರ್ ಮುಚ್ಚಿಕೊಳ್ಳಲಿಲ್ಲ. ಸರ್ವರ್ ಸೆಟ್ಟಿಂಗುಗಳನ್ನು ಎನ್‌ವಿಎಂಇಟಿ-ಸಿಎಲ್‌ಐ (nvmetcli) ಟೂಲ್ ಮೂಲಕ ಸೇವ್ ಮಾಡಿ, ಬೂಟ್ ಆದಾಗ ತಾನಾಗಿ ಬರುವಂತೆ ಇಟ್ಟರೆ ಮಾತ್ರ ಇದು ಸಾಧ್ಯ ಅನ್ನುವುದು ನೆನಪಿರಲಿ.

ಕಾರ್ಡು ಬಿಸಿ ಆಗುತ್ತದೆ. ಇದು ಸರ್ವರ್ ಡಬ್ಬಿಯ ಜೋರು ಗಾಳಿಯನ್ನು ನಂಬಿ ಮಾಡಿದ ಕಾರ್ಡು, ಮೇಲೆ ಬರೀ ಹೀಟ್‌ಸಿಂಕ್, ಫ್ಯಾನ್ ಇಲ್ಲ. ಏಪ್ರಿಲ್ ಸೆಕೆಯಲ್ಲಿ ಡೆಸ್ಕ್‌ಟಾಪ್ ಕೇಸಿನೊಳಗೆ ಗ್ರಾಫಿಕ್ಸ್ ಕಾರ್ಡಿನ ಕೆಳಗೆ ಇಟ್ಟರೆ ಅದಕ್ಕೆ ಉಸಿರಾಡಲಿಕ್ಕೆ ಜಾಗ ಇರುವುದಿಲ್ಲ. ಒಂದು ಸಣ್ಣ ಫ್ಯಾನನ್ನು ಹೀಟ್‌ಸಿಂಕಿಗೆ ಎದುರಾಗಿ ಕೂರಿಸಿ. ಖರ್ಚು ಏನೂ ಇಲ್ಲ.

ಆರ್‌ಡಿಎಂಎ ಬೇಕೇ ಬೇಕಾ, ಅದೇ ಕಾರ್ಡಿನಲ್ಲಿ ಟಿಸಿಪಿ ಸಾಲದಾ? ಲಿನಕ್ಸ್ 5.0ರಿಂದ ಎನ್‌ವಿಎಂಇ ಟಿಸಿಪಿಯೂ ಇದೆ. ದೊಡ್ಡ ಫೈಲು ಸಾಲಾಗಿ ಓದುವುದಕ್ಕೆ ಮಾತ್ರ ಆದರೆ 25 ಗಿಗಾಬಿಟ್‌ನಲ್ಲಿ ಎರಡರ ನಡುವೆ ದೊಡ್ಡ ಅಂತರ ಕಾಣುವುದಿಲ್ಲ. ಸಣ್ಣ ಓದುಗಳಲ್ಲಿ ಟಿಸಿಪಿ ಹಿಂದೆ ಬೀಳುತ್ತದೆ, ಪ್ರೊಸೆಸರೂ ಜಾಸ್ತಿ ತಿನ್ನುತ್ತದೆ. ಸರ್ವರಿನ ಪ್ರೊಸೆಸರ್ ಹಳೆಯದಾದರೆ ಈ ವ್ಯತ್ಯಾಸ ಇನ್ನೂ ದೊಡ್ಡದು. ಸ್ವಿಚ್ ಮಧ್ಯೆ ಇಟ್ಟೇ ಆಗಬೇಕು, ಅದು ಒಳ್ಳೆಯದಲ್ಲ ಅನ್ನುವ ಪರಿಸ್ಥಿತಿಯಲ್ಲಿ ನಾನು ಟಿಸಿಪಿಯನ್ನೇ ಹಾಕುತ್ತೇನೆ. ಬಿದ್ದ ಪ್ಯಾಕೆಟ್ಟನ್ನು ಅದು ಗಲಾಟೆ ಇಲ್ಲದೆ ಸಂಭಾಳಿಸುತ್ತದೆ.

ಒಂದು ಎಚ್ಚರಿಕೆ, ದಯವಿಟ್ಟು ಗಮನ ಕೊಟ್ಟು ಓದಿ. ಇದು ಶೇರ್ಡ್ ಫೋಲ್ಡರ್ ಅಲ್ಲ. ಎಕ್ಸ್‌ಎಫ್‌ಎಸ್ ಅಥವಾ ಎಕ್ಸ್‌ಟಿ4 ಫೈಲ್ ಸಿಸ್ಟಮ್ ಇರುವ ಒಂದೇ ವಾಲ್ಯೂಮನ್ನು ಎರಡು ಮಷೀನಿನಲ್ಲಿ ಒಂದೇ ಹೊತ್ತಿಗೆ ಮೌಂಟ್ ಮಾಡಿದರೆ ಫೈಲ್ ಸಿಸ್ಟಮ್ ಹಾಳಾಗುತ್ತದೆ. ಒಂದರ ಬರಹ ಇನ್ನೊಂದಕ್ಕೆ ಗೊತ್ತಾಗುವುದಿಲ್ಲ. ಅದಕ್ಕಾಗಿ ಸರ್ವರಿನಲ್ಲಿ ಯಾವ ಹೋಸ್ಟ್ ಬೇಕಾದರೂ ಬರಬಹುದು ಅನ್ನುವ ಸೆಟ್ಟಿಂಗನ್ನು ತೆಗೆದು, ಯಾವ ಮಷೀನಿಗೆ ಅನುಮತಿ ಅಂತ ಹೆಸರು ಹಾಕಿ ಇಡಿ. ನಾವು ವಾಲ್ಯೂಮ್ ಕೈ ಬದಲಿಸುವ ಸ್ಕ್ರಿಪ್ಟಿನಲ್ಲೇ ಹಳೆ ಮಷೀನಿನ ಹೆಸರು ತೆಗೆದು, ಅದರ ಸಂಪರ್ಕ ಬಿಡಿಸಿದ್ದು ಖಾತ್ರಿಯಾದ ಮೇಲೆ ಹೊಸತರ ಹೆಸರು ಸೇರಿಸುವಂತೆ ಮಾಡಿದ್ದೇವೆ. ಇಬ್ಬರೂ ಒಟ್ಟಿಗೆ ಒಂದೇ ಫೋಲ್ಡರಿನಲ್ಲಿ ಕೆಲಸ ಮಾಡಬೇಕು ಅನ್ನುವವರು ಇದೇ ಕಾರ್ಡಿನಲ್ಲಿ ಆರ್‌ಡಿಎಂಎ ಮೇಲೆ ಎನ್‌ಎಫ್‌ಎಸ್ (ನೆಟ್‌ವರ್ಕಿನಲ್ಲಿ ಫೋಲ್ಡರ್ ಹಂಚುವ ವ್ಯವಸ್ಥೆ) ಹಾಕಬಹುದು. ಅದರ ಪೋರ್ಟ್ 20049.

ಹೊಸದಾಗಿ ಹಾಕುವವರು ಸೀಸನ್ ನಡುವೆ ಕೈ ಹಾಕಬೇಡಿ. ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಕೆಲಸ ಕಡಿಮೆ ಇರುವಾಗ ಹಾಕಿ, ಹಳೆ ಆಟದ ಫೈಲುಗಳನ್ನೇ ಓಡಿಸಿ ನೋಡಿ. ನಮ್ಮಲ್ಲಿ ಮೂರನೇ ಎಡಿಟಿಂಗ್ ಮಷೀನು ಬರುವ ಮಾತು ನಡೆಯುತ್ತಿದೆ. ಅದಕ್ಕೆ ಸರ್ವರಿನಲ್ಲಿ ಇನ್ನೊಂದು ಎಂಟು ಲೇನಿನ ಸ್ಲಾಟ್ ಖಾಲಿ ಇರುವುದರಿಂದ ಇದೇ ಮಾದರಿಯ ಎರಡನೇ ಕಾರ್ಡ್ ಹಾಕುವುದು ಅಂತ ತೀರ್ಮಾನ ಆಗಿದೆ. ಸ್ವಿಚ್ ತರುವುದಿಲ್ಲ.